ಹಳೆ ಸರ್ವರ್‌ನಲ್ಲಿ ಸುಮ್ನೆ ಬಿದ್ದಿರುವ ಜಾಗ

ಸರ್ವರ್ ತುಂಬಿಹೋಗಿದೆ, ಹೊಸದು ತರೋಣವಾ ಅಂತ ಕೇಳಿದವರಿಗೆ ನಾನು ಮೊದಲು ಕೇಳುವುದು ಒಂದೇ: ಒಳಗಿರುವ ಡಿಸ್ಕ್‌ಗಳನ್ನು ಹೇಗೆ ಜೋಡಿಸಿದ್ದೀರಿ? ಎಷ್ಟೋ ವರ್ಷದ ಹಿಂದೆ ಯಾರೋ ಹಾಕಿಕೊಟ್ಟ ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ವಿಧಾನ) ಹಾಗೇ ನಡೆದುಕೊಂಡು ಬಂದಿರುತ್ತದೆ.

ಇತ್ತೀಚೆಗೆ ನನ್ನ ಕೈಗೆ ಬಂದ ಸರ್ವರ್‌ನಲ್ಲಿ 600 ಜಿಬಿಯ ಎಂಟು ಎಸ್‌ಎಎಸ್ (ಸರ್ವರ್‌ಗಳಲ್ಲಿ ಬಳಸುವ ಬಗೆಯ) ಡಿಸ್ಕ್‌ಗಳಿದ್ದವು. ಎರಡು ರೇಡ್ 1ರಲ್ಲಿ, ಆಪರೇಟಿಂಗ್ ಸಿಸ್ಟಮ್‌ಗೆ. ಉಳಿದ ಆರು ರೇಡ್ 10ರಲ್ಲಿ, ಫೈಲ್‌ಗಳಿಗೆ. ಎರಡೂ ಕಡೆ ಎಲ್ಲದಕ್ಕೂ ಒಂದೊಂದು ನಕಲು. ಅಲ್ಲಿಗೆ 4.8 ಟಿಬಿಯಲ್ಲಿ ಬಳಕೆಗೆ ಸಿಗುವುದು 2.4. ಅದರಲ್ಲೂ ಆಪರೇಟಿಂಗ್ ಸಿಸ್ಟಮ್‌ಗೆ ಬೇಕಾಗಿದ್ದು 60 ಜಿಬಿ ಮಾತ್ರ. ಉಳಿದ 540 ಜಿಬಿ ಖಾಲಿ ಕೂತಿತ್ತು, ಪಕ್ಕದಲ್ಲೇ ಫೈಲ್‌ಗಳಿಗೆ ಜಾಗ ಸಾಲುತ್ತಿರಲಿಲ್ಲ.

ಎಂಟನ್ನೂ ಸೇರಿಸಿ ಒಂದೇ ರೇಡ್ 6 ಮಾಡಿದರೆ ಎರಡು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ (ಕೆಟ್ಟ ಡಿಸ್ಕಿನ ಡೇಟಾವನ್ನು ಲೆಕ್ಕ ಹಾಕಿ ಮರಳಿ ಪಡೆಯುವ ಮಾಹಿತಿಗೆ) ಹೋಗುತ್ತದೆ, 3.6 ಟಿಬಿ ಉಳಿಯುತ್ತದೆ. ಒಂದೂ ಹೊಸ ಡಿಸ್ಕ್ ಕೊಳ್ಳದೆ 1.2 ಟಿಬಿ ಜಾಸ್ತಿ. ಪರದೆಯ ಮೇಲೆ 3.27 ಅಂತ ಕಂಡರೆ ಗಾಬರಿ ಬೇಡ, ಅದು 1,000ದ ಬದಲು 1,024ರ ಲೆಕ್ಕ.

ಒಂದೇ ಡಿಸ್ಕಿನಷ್ಟು ಪ್ಯಾರಿಟಿ ಇಡುವ ರೇಡ್ 5 ಹಾಕಿದರೆ 4.2 ಟಿಬಿ ಸಿಗುತ್ತದೆ ಅಲ್ವಾ? ಸಿಗುತ್ತದೆ. ಆದರೆ ಹಳೆ ಡಿಸ್ಕ್‌ಗಳಿಗೆ ನಾನು ಅದನ್ನು ಹಾಕುವುದಿಲ್ಲ. ಒಂದು ಡಿಸ್ಕ್ ಹೋದರೆ, ರೀಬಿಲ್ಡ್ ಆಗುವಾಗ (ಅದರ ಡೇಟಾ ಹೊಸ ಡಿಸ್ಕಿಗೆ ಮತ್ತೆ ತುಂಬುವಾಗ) ಉಳಿದ ಏಳನ್ನೂ ಮೊದಲಿಂದ ಕೊನೆವರೆಗೆ ಓದಬೇಕಾಗುತ್ತದೆ. ಎಲ್ಲವೂ ಒಟ್ಟಿಗೆ ಕೊಂಡವು, ಒಟ್ಟಿಗೇ ಸವೆದವು. ಎರಡನೆಯದು ಕೈಕೊಡುವುದು ಹೆಚ್ಚಾಗಿ ಆ ಹೊತ್ತಿನಲ್ಲೇ. ಆಗ ರೇಡ್ 6 ತಡೆದುಕೊಳ್ಳುತ್ತದೆ, ರೇಡ್ 5 ತಡೆಯುವುದಿಲ್ಲ.

ಇದಕ್ಕೆ ಪ್ರತಿಯಾಗಿ ಬಿಟ್ಟುಕೊಡಬೇಕಾದ್ದು ವೇಗ. ಒಂದು ಸಣ್ಣ ಬರವಣಿಗೆಗೆ ರೇಡ್ 10ರಲ್ಲಿ ಡಿಸ್ಕ್ ಎರಡು ಸಲ ಕೆಲಸ ಮಾಡಿದರೆ, ರೇಡ್ 6ರಲ್ಲಿ ಆರು ಸಲ: ಮೂರು ಓದು, ಮೂರು ಬರಹ. ಫೈಲ್ ಇಡುವ ಸರ್ವರ್‌ಗೆ ಇದು ನಡೆಯುತ್ತದೆ. ದಿನವಿಡೀ ಬರೆಯುವ ಡೇಟಾಬೇಸ್ ಇದ್ದರೆ ರೇಡ್ 10 ಬಿಚ್ಚಲು ಹೋಗಬೇಡಿ. ರೇಡ್ ನಡೆಸುವ ಕಂಟ್ರೋಲರ್‌ನ ಕ್ಯಾಶ್ (ಬರಹ ಡಿಸ್ಕಿಗೆ ಹೋಗುವ ಮೊದಲು ತಂಗುವ ಮೆಮೊರಿ) ಕಾಯುವ ಬ್ಯಾಟರಿಯನ್ನೂ ನೋಡಿಕೊಳ್ಳಿ. ಅದು ಸತ್ತಿದ್ದರೆ ಹೆಚ್ಚಿನ ಕಂಟ್ರೋಲರ್‌ಗಳು ತಾವಾಗಿಯೇ ರೈಟ್-ಥ್ರೂಗೆ (ಪ್ರತಿ ಬರಹವೂ ಡಿಸ್ಕ್ ಮುಟ್ಟುವವರೆಗೆ ಕಾಯುವ ಕ್ರಮಕ್ಕೆ) ಇಳಿಯುತ್ತವೆ, ರೇಡ್ 6 ತೆವಳುತ್ತದೆ. ನಾನು ಮೊದಲು ಬದಲಿಸಿದ್ದು ಆ ಬ್ಯಾಟರಿಯನ್ನೇ.

ದೊಡ್ಡ ಡಿಸ್ಕ್ ಹಾಕುವ ದಾರಿಯೂ ಇದೆ. ಒಂದೊಂದನ್ನೇ ಬದಲಿಸಿ, ಪ್ರತಿ ಸಲ ರೀಬಿಲ್ಡ್ ಮುಗಿಯುವವರೆಗೆ ಕಾಯಬೇಕು. ಕೊನೆಯದು ಬದಲಾಗುವವರೆಗೆ ಜಾಗ ಹೆಚ್ಚುವುದಿಲ್ಲ, ಏಕೆಂದರೆ ಅರೇ (ಜೋಡಿಸಿದ ಡಿಸ್ಕ್‌ಗಳ ಗುಂಪು) ಲೆಕ್ಕ ಹಾಕುವುದು ಎಲ್ಲಕ್ಕಿಂತ ಚಿಕ್ಕ ಡಿಸ್ಕಿನ ಅಳತೆಯಲ್ಲಿ. 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ಗುರುತಿಸದ ಹಳೆ ಕಂಟ್ರೋಲರ್‌ಗಳೂ ಇವೆ. ಮಾದರಿ ನೋಡಿಕೊಂಡೇ ಕೊಳ್ಳಿ.

ಹಿಂದೊಮ್ಮೆ ನಾನು ಸರ್ವರ್ ನಡೆಯುತ್ತಿರುವಾಗಲೇ ರೇಡ್ 5ಕ್ಕೆ ಒಂದು ಡಿಸ್ಕ್ ಸೇರಿಸಿ ವಿಸ್ತರಿಸಲು ಬಿಟ್ಟಿದ್ದೆ. ಅರ್ಧ ದಾರಿಯಲ್ಲಿ ಒಂದು ಡಿಸ್ಕ್ ಕೆಟ್ಟಿತು, ಇನ್ನೊಂದರಲ್ಲಿ ಓದಲಾಗದ ಬ್ಲಾಕ್‌ಗಳು ಸಿಕ್ಕವು. ವಾಲ್ಯೂಮ್ ಮತ್ತೆ ತೆರೆಯಲೇ ಇಲ್ಲ. ಆ ಬ್ಲಾಕ್‌ಗಳು ಅವತ್ತು ಕೆಟ್ಟವಲ್ಲ. ಅಲ್ಲಿಯವರೆಗೆ ಅವನ್ನು ಯಾರೂ ಓದಿರಲಿಲ್ಲ, ಅಷ್ಟೇ. ಹಾಗಾಗಿ ಈಗ ಇಂಥ ಕೆಲಸಕ್ಕೆ ವಾರ ಮೊದಲೇ ಪೂರ್ತಿ ಪ್ಯಾಟ್ರೋಲ್ ರೀಡ್ (ಎಲ್ಲ ಬ್ಲಾಕ್‌ಗಳನ್ನೂ ಓದಿ ನೋಡುವ ತಪಾಸಣೆ) ಓಡಿಸುತ್ತೇನೆ. ಕಂಟ್ರೋಲರ್ ಲಾಗ್‌ನಲ್ಲಿ ಯಾವ ಡಿಸ್ಕಿನ ಮೀಡಿಯಾ ಎರರ್ ಎಣಿಕೆ ಏರುತ್ತಿದೆಯೋ ಅದನ್ನು ಮೊದಲು ತೆಗೆಸುತ್ತೇನೆ. ಈ ಸರ್ವರ್‌ನಲ್ಲಿ ಅಂಥದ್ದು ಒಂದು ಸಿಕ್ಕಿತು. ತೆಗೆಯುವ ಮೊದಲು ಲೊಕೇಟ್ ಆಜ್ಞೆ ಕೊಟ್ಟು ದೀಪ ಮಿನುಗಿಸಿ ನೋಡಿ. ಕೆಲವು ಸರ್ವರ್‌ಗಳಲ್ಲಿ ಸ್ಲಾಟ್ ಎಣಿಕೆ 0ಯಿಂದ ಶುರು, ಕೆಲವದರಲ್ಲಿ 1ರಿಂದ. ಒಂದು ಅಂಕಿ ತಪ್ಪಿದರೆ ಕೈಗೆ ಬರುವುದು ಸರಿಯಾಗಿದ್ದ ಡಿಸ್ಕ್.

ಎರಡು ಬೇರೆ ಅರೇಗಳನ್ನು ಡೇಟಾ ಉಳಿಸಿಕೊಂಡು ಒಂದು ಮಾಡಲು ಆ ಕಂಟ್ರೋಲರ್‌ನಲ್ಲಿ ದಾರಿ ಇರಲಿಲ್ಲ. ಎರಡನ್ನೂ ಅಳಿಸಲೇಬೇಕಿತ್ತು. ಅದಕ್ಕೇ ಎರಡು ಕಡೆ ಬ್ಯಾಕಪ್ ತೆಗೆದೆ. ಒಂದನ್ನು ಬೇರೆ ಯಂತ್ರದಲ್ಲಿ ರಿಸ್ಟೋರ್ ಮಾಡಿ, ಫೈಲ್‌ಗಳನ್ನು ಬಳಸುವವರ ಕೈಯಲ್ಲೇ ತೆರೆಸಿ ನೋಡಿದೆ. ಅವರು ಸರಿ ಅಂದ ಮೇಲೇ ಡಿಲೀಟ್ ಒತ್ತಿದ್ದು.

ಹೊಸ ಅರೇಯನ್ನು ಇಡಿಯಾಗಿ ಒಂದೇ ಡಿಸ್ಕ್ ಅಂತ ತೋರಿಸಲಿಲ್ಲ. ಹಳೆ ಬಯಾಸ್‌ನಲ್ಲಿ (ಯಂತ್ರವನ್ನು ಶುರು ಮಾಡುವ ತಂತ್ರಾಂಶ) ಅಲ್ಲಿನ ವಿಂಡೋಸ್ ಬೂಟ್ ಆಗಲು ಎಂಬಿಆರ್ ಎಂಬ ಹಳೆಯ ಡಿಸ್ಕ್ ವಿಂಗಡಣೆ ಬೇಕು, ಅದಕ್ಕೆ 2 ಟಿಬಿ ಆಚೆಗಿನ ಜಾಗ ಕಾಣುವುದಿಲ್ಲ. ಹಾಗಾಗಿ 100 ಜಿಬಿಯ ಒಂದು ವರ್ಚುವಲ್ ಡಿಸ್ಕ್ ಬೂಟ್‌ಗೆ, ಉಳಿದ 3.5 ಟಿಬಿ ಆ ಮಿತಿಯಿಲ್ಲದ ಹೊಸ ವಿಂಗಡಣೆಯಾದ ಜಿಪಿಟಿಯಲ್ಲಿ ಫೈಲ್‌ಗಳಿಗೆ. ಇನಿಶಿಯಲೈಸ್ ಪೂರ್ತಿ ಮಾಡಿಸಿದೆ, ರಾತ್ರಿಯೆಲ್ಲ ಹಿಡಿಯಿತು. ಹಳೆ ಡಿಸ್ಕ್‌ಗಳಲ್ಲಿ ಪ್ರತಿ ಬ್ಲಾಕ್ ಮೇಲೂ ಒಮ್ಮೆ ಬರೆದು ನೋಡಿದ ಹಾಗಾಗುತ್ತದೆ.

ಎಲ್ಲ ವಾಪಸ್ ಬಂದ ಮೇಲೂ ಬ್ಯಾಕಪ್ ಡಿಸ್ಕ್‌ಗಳನ್ನು ಒಂದು ತಿಂಗಳು ಬೇರೆ ಕೆಲಸಕ್ಕೆ ಕೊಡಲಿಲ್ಲ. ತಿಂಗಳ ಕೊನೆಯ ಲೆಕ್ಕದ ಫೈಲ್‌ಗಳು ಹೊಸ ಅರೇಯಿಂದ ಸರಿಯಾಗಿ ತೆರೆದ ದಿನ ಅವನ್ನು ಬಿಟ್ಟುಕೊಟ್ಟೆ.