ಟಾರ್ಕ್ ಕನ್ವರ್ಟರ್ ಬದಲಾವಣೆ: ಎಲ್ಲ ನಿಂತಿರುವುದು ಮೂರು ನಾಲ್ಕು ಮಿಲಿಮೀಟರ್ ಮೇಲೆ

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಡೀಸೆಲ್ ಫೋರ್‌ವೀಲ್ ಡ್ರೈವ್ ಗಾಡಿ ಗಂಟೆಗೆ 60ರಿಂದ 80 ಕಿ.ಮೀ. ವೇಗದಲ್ಲಿ, ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿದ್ದಾಗ, ರಸ್ತೆಯ ಉಬ್ಬುಪಟ್ಟಿಗಳ ಮೇಲೆ ಓಡಿದ ಹಾಗೆ ಒಂದೆರಡು ಸೆಕೆಂಡು ಗಡಗಡ ನಡುಗಿದರೆ ಅನುಮಾನ ಮೊದಲು ಹೋಗುವುದು ಟಯರ್, ಎಂಜಿನ್ ಮೌಂಟ್, ಇಂಜೆಕ್ಟರ್‌ಗಳ ಕಡೆಗೆ. ಅವುಗಳಿಗೆ ಕೈ ಹಾಕುವ ಮೊದಲು ಒಂದು ಪರೀಕ್ಷೆ ಮಾಡಬಹುದು. ಹಿಂದೆ ಮುಂದೆ ಯಾರೂ ಇಲ್ಲದ ರಸ್ತೆಯಲ್ಲಿ ನಡುಕ ಶುರುವಾದಾಗ ಆಕ್ಸಿಲರೇಟರ್ ಹಾಗೇ ಹಿಡಿದು, ಎಡಗಾಲಿನಿಂದ ಬ್ರೇಕ್ ಪೆಡಲನ್ನು ಬ್ರೇಕ್ ದೀಪ ಹತ್ತುವಷ್ಟು ಮಾತ್ರ ಒತ್ತಿ. ಬ್ರೇಕ್ ಸ್ವಿಚ್‌ನ ಸಂಕೇತ ಸಿಕ್ಕ ಕೂಡಲೇ ಗೇರ್‌ಬಾಕ್ಸ್‌ನ ಕಂಪ್ಯೂಟರ್ ಟಾರ್ಕ್ ಕನ್ವರ್ಟರ್‌ನ ಒಳಗಿನ ಲಾಕ್‌ಅಪ್ ಕ್ಲಚ್ಚಿನ ಹಿಡಿತವನ್ನು ಬಿಡುತ್ತದೆ. ನಡುಕವೂ ಅದೇ ಕ್ಷಣ ನಿಂತರೆ ಹುಡುಕಬೇಕಾದ ಜಾಗ ಗೊತ್ತಾದಂತೆ: ಟಾರ್ಕ್ ಕನ್ವರ್ಟರ್.

ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕೂತಿರುವ, ಸುತ್ತಲೂ ವೆಲ್ಡ್ ಮಾಡಿ ಮುಚ್ಚಿದ ಈ ಉಕ್ಕಿನ ಗುಂಡುಪೆಟ್ಟಿಗೆಯ ಮೂಲ ವಿನ್ಯಾಸ ಜರ್ಮನ್ ಎಂಜಿನಿಯರ್ ಹರ್ಮನ್ ಫೊಟಿಂಗರ್ ಅವರದು. ಹಡಗಿನ ಟರ್ಬೈನುಗಳಿಗಾಗಿ ಯೋಚಿಸಿ ಅವರು ಅದಕ್ಕೆ 1905ರಲ್ಲಿ ಪೇಟೆಂಟ್ ಪಡೆದರು. ಒಳಗಿರುವುದು ಮುಖ್ಯವಾಗಿ ಮೂರು ಅಲಗುಚಕ್ರಗಳು. ಹೊರಕವಚಕ್ಕೇ ಅಂಟಿಕೊಂಡ ಇಂಪೆಲ್ಲರ್ ಎಂಜಿನ್ ಜೊತೆ ತಿರುಗಿ ಎಣ್ಣೆಯನ್ನು ಹೊರಅಂಚಿಗೆ ಎಸೆಯುತ್ತದೆ. ಆ ಎಣ್ಣೆಯ ಹೊಡೆತಕ್ಕೆ ಎದುರಿನ ಟರ್ಬೈನ್ ತಿರುಗುತ್ತದೆ, ಟರ್ಬೈನ್ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟನ್ನು ತಿರುಗಿಸುತ್ತದೆ. ನಡುವಿನ ಸ್ಟೇಟರ್, ಟರ್ಬೈನ್‌ನಿಂದ ಉಲ್ಟಾ ದಿಕ್ಕಿನಲ್ಲಿ ಮರಳುವ ಎಣ್ಣೆಯನ್ನು ತಿರುಗಿಸಿ ಇಂಪೆಲ್ಲರ್‌ಗೆ ನೆರವಾಗುವಂತೆ ಕಳಿಸುತ್ತದೆ. ಗಾಡಿ ನಿಂತಲ್ಲಿಂದ ಹೊರಡುವಾಗ ಎಂಜಿನ್ ಕೊಟ್ಟ ತಿರುಚುಬಲ ಸುಮಾರು ಎರಡು ಪಟ್ಟಾಗಿ ಗೇರ್‌ಬಾಕ್ಸ್ ಸೇರುವುದು ಈ ಸ್ಟೇಟರ್‌ನಿಂದಲೇ. ಟರ್ಬೈನ್ ವೇಗ ಇಂಪೆಲ್ಲರ್‌ನ ವೇಗದ ಶೇ. 85–90ರ ಹತ್ತಿರ ಬಂದ ಮೇಲೆ ಸ್ಟೇಟರ್‌ಗೆ ಕೆಲಸವಿಲ್ಲ. ತನ್ನ ಒಂದೇ ದಿಕ್ಕಿನ ಕ್ಲಚ್ ಮೇಲೆ ಅದೂ ಸುಮ್ಮನೆ ಸುತ್ತುತ್ತದೆ.

ಇಲ್ಲಿ ಲೆಕ್ಕ ಶುರುವಾಗುತ್ತದೆ. ಇಂಪೆಲ್ಲರ್, ಟರ್ಬೈನ್ ಎರಡರ ವೇಗದಲ್ಲಿ ಎಷ್ಟು ವ್ಯತ್ಯಾಸ, ಎಂದರೆ ಜಾರಿಕೆ, ಇದೆಯೋ ಅಷ್ಟೂ ಶಕ್ತಿ ಎಣ್ಣೆಯಲ್ಲಿ ಶಾಖವಾಗುತ್ತದೆ. ಎಂಜಿನ್ 300 ನ್ಯೂಟನ್ ಮೀಟರ್ ಕೊಡುತ್ತಿದ್ದು ಜಾರಿಕೆ ಬರೀ 200 ಆರ್‌ಪಿಎಂ ಇದ್ದರೂ ಹುಟ್ಟುವ ಶಾಖ ಸುಮಾರು 6.3 ಕಿಲೋವಾಟ್. ಟ್ರೇಲರ್ ಎಳೆಯುತ್ತ ಘಾಟಿ ಹತ್ತುವಾಗ ಇದು ಗಂಟೆಗಟ್ಟಲೆ ನಡೆಯುತ್ತದೆ. ಈ ನಷ್ಟ ತಪ್ಪಿಸಲೆಂದೇ ಲಾಕ್‌ಅಪ್ ಕ್ಲಚ್ ಇದೆ. ಎಣ್ಣೆಯ ಒತ್ತಡದಿಂದ ಒಂದು ತಟ್ಟೆ ಮುಂದಿನ ಕವಚಕ್ಕೆ ಒತ್ತಿಕೊಂಡು ಎಂಜಿನ್ನನ್ನೂ ಟರ್ಬೈನನ್ನೂ ಒಂದಾಗಿಸುತ್ತದೆ. ಹಿಡಿತವೆಲ್ಲ ಇರುವುದು ಆ ತಟ್ಟೆಯ ತೆಳ್ಳನೆಯ ಘರ್ಷಣೆ ಪಟ್ಟಿಯಲ್ಲಿ. ಡೀಸೆಲ್ ಎಂಜಿನ್ ಕಡಿಮೆ ಆರ್‌ಪಿಎಂನಲ್ಲೇ ದೊಡ್ಡ ತಿರುಚುಬಲ ಕೊಡುತ್ತದೆ, ಅದನ್ನೂ ಒಂದೊಂದೇ ಗಟ್ಟಿ ಹೊಡೆತವಾಗಿ ಕೊಡುತ್ತದೆ. ಹಾಗಾಗಿ ಪಟ್ಟಿ ಸವೆಯುವುದು ಇಲ್ಲಿ ಸಾಮಾನ್ಯ. ಎಂಜಿನ್ನಿನ ಕಂಪ್ಯೂಟರ್‌ಗೆ ರೀಮ್ಯಾಪ್ ಮಾಡಿಸಿ ತಿರುಚುಬಲ ಏರಿಸಿದ ಗಾಡಿಗಳಲ್ಲಂತೂ ಮೊದಲು ಸೋಲುವುದು ಇದೇ ಪಟ್ಟಿ. ಅಂಥ ಗಾಡಿಗೆ ಕಂಪನಿಯ ಮೂಲ ಅಳತೆಯದೇ ಕನ್ವರ್ಟರ್ ಮತ್ತೆ ಹಾಕುವುದು ಅದೇ ತೊಂದರೆಯನ್ನು ಮರಳಿ ಕರೆದಂತೆ. ಹೆಚ್ಚು ಹಿಡಿತದ ಲಾಕ್‌ಅಪ್ ಕ್ಲಚ್ ಇರುವುದನ್ನೇ ಆರಿಸಬೇಕು.

ಬಿಚ್ಚುವ ಮೊದಲು ಸ್ಕ್ಯಾನರ್ ಹಾಕಿ ಮೂರು ಅಂಕಿ ನೋಡಿ: ಎಂಜಿನ್ ವೇಗ, ಟರ್ಬೈನ್ ವೇಗ, ಗೇರ್ ಆಯಿಲ್‌ನ ತಾಪ. ಲಾಕ್‌ಅಪ್ ಪೂರ್ತಿ ಹಿಡಿದ ಮೇಲೂ ಮೊದಲೆರಡರ ನಡುವೆ ನೂರಿನ್ನೂರು ಆರ್‌ಪಿಎಂ ಅಂತರ ಉಳಿದಿದ್ದರೆ, ಅಥವಾ ಅಂಕಿ ಒಂದೇ ಸಮನೆ ಹಾರಾಡುತ್ತಿದ್ದರೆ ಪಟ್ಟಿ ಜಾರುತ್ತಿದೆ. ಕೆಲವು ಗೇರ್‌ಬಾಕ್ಸ್‌ಗಳು ಬೇಕೆಂದೇ ಹತ್ತಾರು ಆರ್‌ಪಿಎಂ ಜಾರಲು ಬಿಡುತ್ತವೆ, ಅದನ್ನು ದೋಷ ಎಂದುಕೊಳ್ಳಬಾರದು. ಬ್ರೇಕ್ ಒತ್ತಿ ಹಿಡಿದು ಡಿ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಡುವ ಸ್ಟಾಲ್ ಪರೀಕ್ಷೆಯೂ ಇದೆ. ಬಂದ ಆರ್‌ಪಿಎಂ ಗಾಡಿಯ ಸರ್ವಿಸ್ ಮ್ಯಾನುಯಲ್ ಹೇಳುವ ಅಂಕಿಗಿಂತ ಬಹಳ ಕಡಿಮೆಯಾದರೆ ಎಂಜಿನ್ ಸೊರಗಿದೆ ಅಥವಾ ಸ್ಟೇಟರ್‌ನ ಕ್ಲಚ್ ಹಿಡಿಯುತ್ತಿಲ್ಲ. ಬಹಳ ಹೆಚ್ಚಾದರೆ ಗೇರ್‌ಬಾಕ್ಸ್‌ನ ಒಳಗಿನ ಕ್ಲಚ್‌ಗಳು ಜಾರುತ್ತಿವೆ ಅಥವಾ ಎಣ್ಣೆ ಕಡಿಮೆಯಿದೆ. ಇದನ್ನು 5 ಸೆಕೆಂಡಿಗಿಂತ ಹೆಚ್ಚು ಎಳೆಯಲೇಬಾರದು. 2000 ಆರ್‌ಪಿಎಂನಲ್ಲಿ 300 ನ್ಯೂಟನ್ ಮೀಟರ್ ಎಂದರೆ 63 ಕಿಲೋವಾಟ್. ಚಕ್ರ ನಿಂತಿರುವುದರಿಂದ ಅಷ್ಟೂ ಶಾಖವೇ. ಕನ್ವರ್ಟರ್‌ನ ಒಳಗಿನ ನಾಲ್ಕೈದು ಲೀಟರ್ ಎಣ್ಣೆ ಸೆಕೆಂಡಿಗೆ ಏಳೆಂಟು ಡಿಗ್ರಿಯಂತೆ ಕಾಯುತ್ತ ಹೋಗುತ್ತದೆ.

ಇನ್ನೊಂದು ನಿರ್ಧಾರ ಗೇರ್‌ಬಾಕ್ಸ್‌ನ ಕೆಳಗಿನ ಎಣ್ಣೆತಟ್ಟೆಯನ್ನು (ಸಂಪ್) ಬಿಚ್ಚಿದಾಗ ಆಗುತ್ತದೆ. ತಳದ ಅಯಸ್ಕಾಂತದ ಮೇಲೆ ಬೂದುಬಣ್ಣದ ನಯವಾದ ಕೆಸರು ಇದ್ದರೆ ಚಿಂತೆಯಿಲ್ಲ. ಕೈಗೆ ಚುಚ್ಚುವ ಲೋಹದ ಚೂರು, ಎಣ್ಣೆಯಲ್ಲಿ ಹೊಳಪು, ಕಪ್ಪುಬಣ್ಣ, ಸುಟ್ಟ ವಾಸನೆ ಕಂಡರೆ ಸವೆದ ಪುಡಿ ಗೇರ್‌ಬಾಕ್ಸ್ ಪೂರ್ತಿ ಹರಡಿದೆ ಎಂದರ್ಥ. ಆಗ ಕನ್ವರ್ಟರ್ ಒಂದನ್ನೇ ಬದಲಿಸಿ ಕೈತೊಳೆದುಕೊಳ್ಳುವಂತಿಲ್ಲ. ಗೇರ್‌ಬಾಕ್ಸನ್ನು ಬಿಚ್ಚಿಸಿಯೇ ನೋಡಬೇಕು.

ಮನೆಯಲ್ಲೇ ಮಾಡುವವರು ಕಾಂಕ್ರೀಟ್ ಹಾಕಿದ ಸಮತಟ್ಟು ನೆಲ ಬಿಟ್ಟು ಬೇರೆಲ್ಲೂ ಇದಕ್ಕೆ ಕೈ ಹಾಕಕೂಡದು. ಗಾಡಿ ನಾಲ್ಕು ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಬೇಕು, ಜಾಕ್ ಒಂದನ್ನೇ ನಂಬಿ ಕೆಳಗೆ ನುಸುಳಬಾರದು. ಹಲವರಿಗೆ ತಿಳಿಯದ ಒಂದು ಅಪಾಯ ಹೀಗಿದೆ: ಪಿ ಸ್ಥಾನದ ಲಾಕ್ ಇರುವುದು ಗೇರ್‌ಬಾಕ್ಸ್‌ನ ಒಳಗೆ. ಅಲ್ಲಿಂದ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಕ್ಷಣವೇ ಚಕ್ರಗಳಿಗೂ ಅದಕ್ಕೂ ಸಂಬಂಧ ಕಡಿದುಹೋಗುತ್ತದೆ. ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್‌ನಂಥ ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಕೂಡ ಟ್ರಾನ್ಸ್‌ಫರ್ ಕೇಸ್‌ನ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಹಿಂದೆಯೇ ಇದೆ, ಅದೂ ಅದರ ಜೊತೆಗೇ ಹೋಗುತ್ತದೆ. ಚಕ್ರ ನೆಲ ಮುಟ್ಟುತ್ತಿರುವಾಗ ಶಾಫ್ಟ್ ಬಿಚ್ಚುವುದಾದರೆ ಎರಡೂ ಕಡೆ ಅಡೆ ಕೊಟ್ಟಿರಬೇಕು.

ಈ ವರ್ಗದ ಗಾಡಿಯ ಗೇರ್‌ಬಾಕ್ಸ್ ಸುಮಾರು 80ರಿಂದ 100 ಕಿಲೋ ತೂಗುತ್ತದೆ, ಟ್ರಾನ್ಸ್‌ಫರ್ ಕೇಸ್ ಮತ್ತೆ 30–50 ಕಿಲೋ. ಎರಡನ್ನೂ ಒಟ್ಟಿಗೆ ಇಳಿಸಿದರೆ ಭಾರವೆಲ್ಲ ಹಿಂದಕ್ಕೂ ಒಂದು ಪಕ್ಕಕ್ಕೂ ವಾಲುತ್ತದೆ. ಮನೆಯಲ್ಲಿ ಮಾಡುವಾಗ ಟ್ರಾನ್ಸ್‌ಫರ್ ಕೇಸನ್ನು ಮೊದಲು ಬೇರೆಯಾಗಿ ಇಳಿಸುವುದೇ ಒಳ್ಳೆಯದು. ಎರಡು ಗಂಟೆ ಹೆಚ್ಚು ಹೋದರೂ ಗೇರ್‌ಬಾಕ್ಸ್ ಹಿಂದಕ್ಕೆ ಸರಿಯಲು ಜಾಗ ಸಿಗುತ್ತದೆ. ಹಾಗೆ 40 ಸೆಂ.ಮೀ.ನಷ್ಟು ಸರಿದರೆ ಸಾಕು, ಅದನ್ನು ಗಾಡಿಯ ಕೆಳಗಿಂದ ಹೊರಗೆ ಎಳೆಯದೆಯೇ ಕನ್ವರ್ಟರ್ ಬದಲಿಸಬಹುದು. ಗೇರ್‌ಬಾಕ್ಸನ್ನು ಬೆಲ್ಟಿನಿಂದ ಬಿಗಿದು ಕಟ್ಟಲು ಬರುವ ಟ್ರಾನ್ಸ್‌ಮಿಷನ್ ಜಾಕ್ ಮಾತ್ರ ಬೇಕೇ ಬೇಕು.

ಬಿಚ್ಚುವ ಕ್ರಮದಲ್ಲಿ ಗುಟ್ಟೇನೂ ಇಲ್ಲ. ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆದು, ಎರಡೂ ಪೆಟ್ಟಿಗೆಗಳ ಎಣ್ಣೆ ಇಳಿಸಿ, ಪ್ರೊಪೆಲ್ಲರ್ ಶಾಫ್ಟ್‌ಗಳ ಫ್ಲ್ಯಾಂಜ್‌ಗಳಿಗೆ ಬಣ್ಣದಿಂದ ಗುರುತು ಹಾಕಿ ಬಿಚ್ಚಬೇಕು. ಗುರುತು ತಪ್ಪಿ ಕೂಡಿಸಿದರೆ ಹೊಸದೊಂದು ನಡುಕ ಹುಟ್ಟಬಹುದು. ಆಮೇಲೆ ಸೈಲೆನ್ಸರ್ ಪೈಪ್, ವೈರಿಂಗ್ ಸಾಕೆಟ್‌ಗಳು, ಬ್ರೀದರ್ ಪೈಪ್, ಗೇರ್ ಲಿಂಕ್, ಕೂಲರ್ ಪೈಪ್‌ಗಳು, ಸ್ಟಾರ್ಟರ್ ಮೋಟರ್. ಬಿಚ್ಚಿದ ಕೂಲರ್ ಪೈಪ್‌ನ ಬಾಯಿ ಆಗಲೇ ಮುಚ್ಚಬೇಕು. ಕನ್ವರ್ಟರನ್ನು ಫ್ಲೆಕ್ಸ್‌ಪ್ಲೇಟ್‌ಗೆ (ಎಂಜಿನ್‌ನ ಕ್ರ್ಯಾಂಕ್ ಶಾಫ್ಟ್‌ನ ಹಿಂತುದಿಯಲ್ಲಿರುವ ತೆಳು ಉಕ್ಕಿನ ತಟ್ಟೆ) ಹಿಡಿದಿರುವ ಬೋಲ್ಟ್‌ಗಳು, ಸಾಮಾನ್ಯವಾಗಿ ಆರು, ಸ್ಟಾರ್ಟರ್‌ನ ಕಿಂಡಿಯಲ್ಲಿ ಅಥವಾ ತಳದ ಮುಚ್ಚಳ ತೆಗೆದ ಜಾಗದಲ್ಲಿ ಒಂದೊಂದಾಗಿ ಸಿಗುತ್ತವೆ. ಮುಂದಿನ ಕ್ರ್ಯಾಂಕ್ ಪುಲ್ಲಿಯ ಬೋಲ್ಟ್‌ಗೆ ಸಾಕೆಟ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ತಿರುಗಿಸುತ್ತ ಹೋಗಬೇಕು. ಗೇರ್‌ಬಾಕ್ಸನ್ನು ಎಂಜಿನ್‌ಗೆ ಕೂಡಿಸುವ ಗಂಟೆಯಾಕಾರದ ಕವಚದ, ಎಂದರೆ ಬೆಲ್ ಹೌಸಿಂಗ್‌ನ, ಮೇಲಿನ ಬೋಲ್ಟ್‌ಗಳಿಗೆ ಮುಕ್ಕಾಲು ಮೀಟರ್ ಉದ್ದದ ಎಕ್ಸ್‌ಟೆನ್ಷನ್ ಬೇಕು. ಜಾಕ್‌ನ ಆಸರೆಯಲ್ಲಿ, ಗೇರ್‌ಬಾಕ್ಸನ್ನು ಹೊತ್ತಿರುವ ಅಡ್ಡತೊಲೆ (ಕ್ರಾಸ್ ಮೆಂಬರ್) ತೆಗೆದು ಗೇರ್‌ಬಾಕ್ಸ್‌ನ ಬಾಲ ತುಸು ಇಳಿಸಿದರೆ ಅವು ಕಣ್ಣಿಗೆ ಬೀಳುತ್ತವೆ. ಆಗ ಎಂಜಿನ್ ಹಿಂದಕ್ಕೆ ವಾಲುತ್ತದೆ, ರೇಡಿಯೇಟರ್ ಫ್ಯಾನ್ ಕವಚಕ್ಕೆ ಒರಗಿತೇ, ಹೋಸ್ ಜಗ್ಗಿತೇ ಎಂದು ಒಬ್ಬರು ಮೇಲಿಂದ ನೋಡುತ್ತಿರಬೇಕು.

ಗೇರ್‌ಬಾಕ್ಸ್ ಬೇರ್ಪಡುವಾಗ ಕನ್ವರ್ಟರ್ ಅದರ ಜೊತೆಗೇ ಬರಬೇಕು. ಜಾರಿ ಬೀಳದಂತೆ ಬೆಲ್ ಹೌಸಿಂಗ್‌ಗೆ ಅಡ್ಡವಾಗಿ ಒಂದು ಪಟ್ಟಿ ಕಟ್ಟಬೇಕು, ಏಕೆಂದರೆ ಎಣ್ಣೆ ಸಮೇತ ಅದು 15–20 ಕಿಲೋ ಇರುತ್ತದೆ. ಕೆಳಗೆ ಅಗಲ ತಟ್ಟೆ ಇಟ್ಟು ನೇರವಾಗಿ ಎಳೆದುಕೊಳ್ಳಿ.

ಈಗ ತೆರೆದುಕೊಂಡ ಜಾಗ ಮತ್ತೆ ಸುಲಭಕ್ಕೆ ಸಿಗುವುದಿಲ್ಲ. ಗೇರ್‌ಬಾಕ್ಸ್‌ನ ಎಣ್ಣೆಗೆ ಒತ್ತಡ ಕೊಡುವ ಪಂಪ್‌ನ ಮುಂದಿನ ಆಯಿಲ್ ಸೀಲ್, ಇನ್‌ಪುಟ್ ಶಾಫ್ಟ್‌ನ ಓ-ರಿಂಗ್ ಎರಡನ್ನೂ ಹಳೆಯದು ಚೆನ್ನಾಗಿ ಕಂಡರೂ ಬದಲಿಸಿ. ಎಂಜಿನ್‌ನ ಹಿಂದಿನ ಸೀಲ್ ಒದ್ದೆಯಾಗಿದ್ದರೆ ಅದನ್ನೂ. ಫ್ಲೆಕ್ಸ್‌ಪ್ಲೇಟ್‌ನ ಬೋಲ್ಟ್ ತೂತುಗಳ ಸುತ್ತ ಕೂದಲೆಳೆಯಂಥ ಬಿರುಕಿದೆಯೇ ಎಂದು ಟಾರ್ಚ್ ಓರೆ ಹಿಡಿದು ನೋಡಬೇಕು. ಬೆಲ್ ಹೌಸಿಂಗನ್ನು ನೇರಕ್ಕೆ ಕೂರಿಸುವ ಎರಡು ಡವೆಲ್ ಪಿನ್‌ಗಳು ಸ್ವಸ್ಥಾನದಲ್ಲಿವೆಯೇ ಎಂಬುದು ಚಿಕ್ಕ ಪ್ರಶ್ನೆಯಲ್ಲ. ಅವಿಲ್ಲದೆ ಬಿಗಿದರೆ ಎಂಜಿನ್ ಮತ್ತು ಗೇರ್‌ಬಾಕ್ಸ್‌ನ ಅಕ್ಷಗಳು ತುಸು ಪಕ್ಕಕ್ಕೆ ಸರಿದು ಹೊಸ ಸೀಲ್ ಸೋರುತ್ತದೆ, ಪಂಪ್‌ನ ಬುಷ್ ಸವೆಯುತ್ತದೆ, ಕೊನೆಗೆ ಫ್ಲೆಕ್ಸ್‌ಪ್ಲೇಟೇ ಬಿರಿಯುತ್ತದೆ.

ಹೊಸ ಕನ್ವರ್ಟರನ್ನು ಹಳೆಯದರ ಪಕ್ಕ ಇಟ್ಟು ಎತ್ತರ, ಬೋಲ್ಟ್ ತೂತುಗಳ ಅಂತರ, ಎಂಜಿನ್ ಕಡೆಯ ಮೂತಿಯ ವ್ಯಾಸ, ಪಂಪ್‌ನೊಳಗೆ ಹೋಗುವ ಹಿಂದಿನ ಕುತ್ತಿಗೆಯ ಕಚ್ಚು ಎಲ್ಲವನ್ನೂ ಹೋಲಿಸಿ. ಮೊದಲೇ ಒಂದು ಲೀಟರಿನಷ್ಟು ಸರಿಯಾದ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ) ಎಣ್ಣೆಯನ್ನು ಒಳಗೆ ನಿಧಾನವಾಗಿ ಸುರಿಯಿರಿ, ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಒಣಗಿ ಓಡಬಾರದು. ಸೀಲ್ ಮುಟ್ಟುವ ಕುತ್ತಿಗೆಗೂ ಎಣ್ಣೆ ಸವರಿ.

ಇನ್ನು ಮುಂದಿನದು ಇಡೀ ಕೆಲಸದ ತಿರುಳು. ಕನ್ವರ್ಟರ್ ಒಳಗೆ ಕೂರಬೇಕಾದ್ದು ಮೂರು ಮೆಟ್ಟಿಲಲ್ಲಿ: ಸ್ಟೇಟರ್‌ನ ಸ್ಪ್ಲೈನ್ (ಶಾಫ್ಟ್‌ಗೆ ಕಚ್ಚಿಕೊಳ್ಳುವ ಹಲ್ಲುಸಾಲು), ಟರ್ಬೈನ್‌ನ ಸ್ಪ್ಲೈನ್, ಪಂಪನ್ನು ತಿರುಗಿಸುವ ಕಚ್ಚು. ಭಾರವನ್ನು ಕೈಯಲ್ಲಿ ಹೊತ್ತು, ಹಗುರವಾಗಿ ಒತ್ತುತ್ತ, ಅತ್ತಿತ್ತ ತಿರುಗಿಸುತ್ತ ಹೋದರೆ ಒಂದೊಂದಕ್ಕೂ ‘ಟಕ್’ ಎಂದು ಒಳಸರಿಯುವುದು ಕೈಗೆ ತಿಳಿಯುತ್ತದೆ. ಎರಡಕ್ಕೇ ‘ಆಯಿತು’ ಎಂದುಕೊಳ್ಳುವುದು ಈ ಕೆಲಸದಲ್ಲಿ ಅತಿ ದುಬಾರಿ ತಪ್ಪು. ಪಂಪ್‌ನ ಕಚ್ಚು ಸೇರದೆಯೇ ಬೆಲ್ ಹೌಸಿಂಗ್ ಬೋಲ್ಟ್ ಬಿಗಿದರೆ ಕುತ್ತಿಗೆ ಪಂಪ್‌ನ ಗೇರನ್ನು ಒತ್ತಿ ಒಡೆಯುತ್ತದೆ. ಆಮೇಲೆ ಎಂಜಿನ್ ಸ್ಟಾರ್ಟ್ ಆದರೂ ಎಣ್ಣೆಗೆ ಒತ್ತಡವಿಲ್ಲ, ಗಾಡಿ ಕದಲುವುದಿಲ್ಲ.

ಕೈಯ ಅಂದಾಜು ಸಾಲದು, ಅಳೆಯಬೇಕು. ಬೆಲ್ ಹೌಸಿಂಗ್‌ನ ಮುಖಕ್ಕೆ ಅಡ್ಡ ಒಂದು ನೇರ ಉಕ್ಕಿನ ಪಟ್ಟಿ ಇಟ್ಟು, ಅಲ್ಲಿಂದ ಕನ್ವರ್ಟರ್‌ನ ಬೋಲ್ಟ್ ಕೂರುವ ಮುಖದವರೆಗಿನ ಆಳವನ್ನು ವರ್ನಿಯರ್‌ನಿಂದ ನೋಡಿ. ಎಂಜಿನ್‌ನ ಹಿಂಬದಿಯ ಮುಖದಿಂದ ಫ್ಲೆಕ್ಸ್‌ಪ್ಲೇಟ್ ಎಷ್ಟು ಹೊರಚಾಚಿದೆ ಎಂದೂ ಅಳೆಯಿರಿ. ಮೊದಲನೆಯದು 22 ಮಿ.ಮೀ., ಎರಡನೆಯದು 18 ಎಂದಿಟ್ಟುಕೊಂಡರೆ ಉಳಿಯುವ ಸಂದು 4 ಮಿ.ಮೀ. ಹಲವು ಗೇರ್‌ಬಾಕ್ಸ್‌ಗಳಲ್ಲಿ ಇದು 3ರಿಂದ 5 ಮಿ.ಮೀ. ಇರುತ್ತದೆ, ನಿಮ್ಮ ಮಾದರಿಯ ಅಂಕಿಗೆ ಮ್ಯಾನುಯಲ್ ನೋಡಲೇಬೇಕು. ಸಂದೇ ಇಲ್ಲದಿದ್ದರೆ ಮೂರನೆಯ ಮೆಟ್ಟಿಲು ಬಾಕಿಯಿದೆ. ತೀರಾ ಹೆಚ್ಚಿದ್ದರೆ ಕನ್ವರ್ಟರ್ ಬೇರೆ ಮಾದರಿಯದಿರಬಹುದು, ಮುಂದಕ್ಕೆಳೆದು ಬಿಗಿದಾಗ ಪಂಪ್‌ನ ಕಚ್ಚು ಅರ್ಧವಷ್ಟೇ ಹಿಡಿದಿರುತ್ತದೆ.

ಗೇರ್‌ಬಾಕ್ಸ್ ಮುಂದೆ ತಳ್ಳುವಾಗ ಎರಡು ಮುಖಗಳೂ ಕೈಯ ಒತ್ತಡಕ್ಕೇ ಸೇರಬೇಕು. ಬೋಲ್ಟ್‌ನಿಂದ ಎಳೆದು ಕೂಡಿಸುವ ಪ್ರಶ್ನೆಯೇ ಇಲ್ಲ. ಸೇರಿದ ಮೇಲೆ ಕಿಂಡಿಯಿಂದ ಬೆರಳು ಹಾಕಿ ಕನ್ವರ್ಟರ್ ಸಲೀಸಾಗಿ ತಿರುಗುತ್ತದೆಯೇ ನೋಡಿ, ತಿರುಗದಿದ್ದರೆ ಅಲ್ಲಿಗೇ ನಿಲ್ಲಿಸಿ ಹಿಂದಕ್ಕೆ ಎಳೆಯಿರಿ. ಫ್ಲೆಕ್ಸ್‌ಪ್ಲೇಟ್ ಬೋಲ್ಟ್‌ಗಳನ್ನು ಆರೂ ಕೈಯಲ್ಲಿ ಹಿಡಿಸಿದ ಮೇಲಷ್ಟೇ ಟಾರ್ಕ್ ರೆಂಚ್ ಹಿಡಿಯಬೇಕು. ಬೋಲ್ಟ್‌ನ ಉದ್ದ ಒಂದೆರಡು ಮಿ.ಮೀ. ಹೆಚ್ಚಾದರೂ ತುದಿ ಕವಚವನ್ನು ಒಳಕ್ಕೆ ಉಬ್ಬಿಸಬಹುದು. ಆ ಕವಚದ ಒಳಮೈಯೇ ಲಾಕ್‌ಅಪ್ ಪಟ್ಟಿ ಒತ್ತಿಕೊಳ್ಳುವ ಜಾಗ. ಹೊಸ ಕನ್ವರ್ಟರ್ ಮೊದಲ ದಿನವೇ ನಡುಗಿದರೆ ಇದನ್ನೂ ನೆನೆಯಬೇಕು.

ಹಳೆಯ ಪಟ್ಟಿಯ ಪುಡಿ ಹೋಗಿ ಕೂತಿರುವುದು ಕೂಲರ್‌ನಲ್ಲಿ. ಅದನ್ನು ಎಣ್ಣೆ ಹರಿಯುವ ದಿಕ್ಕಿಗೆ ವಿರುದ್ಧವಾಗಿ ಮೊದಲು, ನೇರವಾಗಿ ಆಮೇಲೆ, ಹೊರಬರುವ ಎಣ್ಣೆ ತಿಳಿಯಾಗುವವರೆಗೆ ತೊಳೆಯಬೇಕು. ಸಣ್ಣ ಕೊಳವೆಗಳ ಕೂಲರ್ ಪೂರ್ತಿ ಕಟ್ಟಿದ್ದರೆ ಹೊಸದೇ ದಾರಿ. ಫಿಲ್ಟರ್ ಹೊಸದು, ಎಣ್ಣೆ ಕಂಪನಿ ಹೇಳಿದ್ದೇ. ಟೊಯೊಟಾದ ಟಿ-4 ಮತ್ತು ಡಬ್ಲ್ಯುಎಸ್ ಎಣ್ಣೆಗಳಂತೆ ಹೆಸರು ಹತ್ತಿರವಿದ್ದರೂ ಒಂದರ ಬದಲು ಇನ್ನೊಂದು ಹಾಕುವಂತಿಲ್ಲ. ಎಣ್ಣೆಯ ಘರ್ಷಣೆ ಗುಣ ಬದಲಾದರೆ ಲಾಕ್‌ಅಪ್ ಹಿಡಿದು, ಬಿಟ್ಟು, ಹಿಡಿದು ಮತ್ತದೇ ನಡುಕ ಶುರುವಾಗುತ್ತದೆ.

ಖಾಲಿ ಮಾಡಿದ ಪೆಟ್ಟಿಗೆಗೆ ಒಟ್ಟು 9ರಿಂದ 12 ಲೀಟರ್ ಹಿಡಿಯಬಹುದು, ಆದರೆ ಒಂದೇ ಸಲ ಒಳಗೆ ಹೋಗುವುದು ಅದರ ಅರ್ಧದಷ್ಟು. ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಕನ್ವರ್ಟರ್ ಮತ್ತು ಕೂಲರ್ ಉಳಿದ ಎಣ್ಣೆಯನ್ನು ಹೀರುತ್ತವೆ. ಆಕ್ಸಿಲರೇಟರ್ ಮುಟ್ಟದೆ, ಐಡ್ಲಿಂಗ್‌ನಲ್ಲೇ ಬಿಟ್ಟು ಸುರಿಯುತ್ತ ಇರಬೇಕು. ನಂತರ ಬ್ರೇಕ್ ಹಿಡಿದು ಪ್ರತಿ ಗೇರಿನಲ್ಲೂ ಕೆಲವು ಸೆಕೆಂಡು ನಿಲ್ಲಿಸಿ, ಮ್ಯಾನುಯಲ್ ಹೇಳಿದ ತಾಪದಲ್ಲಿ, ಎಂಜಿನ್ ಓಡುತ್ತಿರುವಾಗಲೇ ಮಟ್ಟ ನೋಡಿ. ಎಣ್ಣೆ ಕಾದಂತೆ ಹಿಗ್ಗುವುದರಿಂದ ತಣ್ಣಗಿರುವಾಗಿನ ಅಳತೆಗೆ ಅರ್ಥವಿಲ್ಲ. ಗಾಡಿ ಆಗಲೂ ಸ್ಟ್ಯಾಂಡ್ ಮೇಲೆ ಅಡ್ಡಡ್ಡ, ಉದ್ದುದ್ದ ಸಮತಟ್ಟಾಗಿ ನಿಂತಿರಬೇಕು.

ಗೇರ್‌ಬಾಕ್ಸ್‌ನ ಕಂಪ್ಯೂಟರ್ ಹಳೆಯ ಸವೆತಕ್ಕೆ ಹೊಂದಿಕೊಂಡು ಕಲಿತಿಟ್ಟಿದ್ದನ್ನು ಸ್ಕ್ಯಾನರ್‌ನಲ್ಲಿ ಅಳಿಸಿ, ಮೊದಲ ಓಟದಲ್ಲಿ ಜಾರಿಕೆಯ ಅಂಕಿ ಹಾಗೂ ತಾಪ ಎರಡನ್ನೂ ಗಮನಿಸಿ. ಸಾಧಾರಣ ಓಟಕ್ಕೆ 80–95 ಡಿಗ್ರಿ ಸರಿ, 120 ದಾಟಿದರೆ ಕೂಲರ್ ಸರಿಯಾಗಿಲ್ಲ. ಒಂದು ಸಾವಿರ ಕಿಲೋಮೀಟರ್ ಆದ ಮೇಲೆ ಸಂಪ್‌ನ ಎಣ್ಣೆಯನ್ನೊಮ್ಮೆ ಇಳಿಸಿ ಹೊಸದು ತುಂಬಿ, ಸಂಪ್ ಬಿಚ್ಚಿ ಅಯಸ್ಕಾಂತಗಳನ್ನು ಒರೆಸಿ ಹಾಕಿ. ಮೂಲೆಮೊಡಕಿನಲ್ಲಿ ಉಳಿದಿದ್ದ ಹಳೆಯ ಪುಡಿ ಹೊರಬರುವುದು ಆಗಲೇ. ಎರಡನೆಯ ಸಲವೂ ಅಯಸ್ಕಾಂತದ ಮೇಲೆ ಅಷ್ಟೇ ಕೆಸರು ಕಂಡರೆ ಸವೆಯುತ್ತಿರುವುದು ಕನ್ವರ್ಟರ್ ಅಲ್ಲ, ಗೇರ್‌ಬಾಕ್ಸ್‌ನ ಒಳಗಿನ ಬೇರೇನೋ.