ಪೆರ್ಪೆತುವಾಮ್ ಎಂಬ ಅಜ್ಜಿ ಯಾರಿಗೂ ಇರಲಿಲ್ಲ

ಮಗಳಿಗೆ ಮುತ್ತಜ್ಜಿಯ ಹೆಸರಿಡಬೇಕು ಎಂದು ಚರ್ಚಿನ ಹಳೇ ದಾಖಲೆ ಹುಡುಕಿಸುವವರು ಈಗ ಜಾಸ್ತಿಯಾಗಿದ್ದಾರೆ. ನನಗೆ ಇದು ಖುಷಿಯ ವಿಷಯ. ನಾನು ಲ್ಯಾಟಿನ್ ಕಲಿಸುತ್ತೇನೆ, ಆ ಭಾಷೆಯಲ್ಲಿರುವ ಜ್ಞಾನಸ್ನಾನದ (ಬ್ಯಾಪ್ಟಿಸಮ್) ಹಳೇ ದಾಖಲೆಗಳನ್ನು ಓದಿ ಅರ್ಥ ಬರೆದುಕೊಡುತ್ತೇನೆ. ಕರಾವಳಿಯ ಕ್ಯಾಥೊಲಿಕ್ ಮನೆಗಳ ಮಕ್ಕಳು, ಅದರಲ್ಲೂ ಹೊರದೇಶದಲ್ಲಿರುವವರು, ಫೋಟೋ ಕಳಿಸಿ "ಇದನ್ನೊಮ್ಮೆ ಓದಿಕೊಡಿ" ಎನ್ನುತ್ತಾರೆ. ಆದರೆ ಓದಿಸುವ ಮೊದಲೇ ಹೆಸರು ಗಟ್ಟಿ ಮಾಡಿಕೊಂಡಿರುತ್ತಾರೆ. ತೊಂದರೆ ಶುರುವಾಗುವುದು ಅಲ್ಲೇ.

ಪೆರ್ಪೆತುವಾ ಎಂಬ ಹೆಸರನ್ನೇ ನೋಡಿ. ಅಪರೂಪದ ಹೆಸರು, ಹಿಂದೆ ದೊಡ್ಡ ಕಥೆಯೇ ಇದೆ. ಒಂದು ಮನೆಯವರು ಅದನ್ನು 'ಪೆರ್ಪೆತುವಾಮ್' ಎಂದು ಬರೆಸಲು ಹೊರಟಿದ್ದರು. ಇನ್ನೊಬ್ಬರು 'ಪೆರ್ಪೆತುವೆ' ಎಂದು ಅರ್ಜಿಯನ್ನೇ ತುಂಬಿಬಿಟ್ಟಿದ್ದರು. ಇಬ್ಬರದೂ ಒಂದೇ ವಾದ. "ಪುಸ್ತಕದಲ್ಲಿ ಹಾಗೇ ಇದೆ. ಪಾದ್ರಿಗಳು ತಪ್ಪು ಬರೀತಾರಾ?"

ಪಾದ್ರಿಗಳು ತಪ್ಪು ಬರೆದಿಲ್ಲ. ಅವರು ವಾಕ್ಯ ಬರೆದಿದ್ದಾರೆ. ಉ, ಅನ್ನು, ಇಂದ, ಗೆ ಎಂದು ನಾವೆಲ್ಲ ಶಾಲೆಯಲ್ಲಿ ವಿಭಕ್ತಿ ಬಾಯಿಪಾಠ ಮಾಡಿದವರೇ ಅಲ್ವಾ? 'ಗೌರಿಯನ್ನು ಶಾಲೆಗೆ ಸೇರಿಸಿದೆ' ಎಂಬ ಸಾಲು ಓದಿ ಹುಡುಗಿಯ ಹೆಸರು 'ಗೌರಿಯನ್ನು' ಎಂದು ಯಾರೂ ಹೇಳುವುದಿಲ್ಲ. ಲ್ಯಾಟಿನ್ ಕೂಡ ವಿಭಕ್ತಿಯ ಭಾಷೆ. ಅಲ್ಲಿ ಹೆಸರಿನ ಬಾಲವೇ ಬದಲಾಗುತ್ತದೆ. 'ಬಾಪ್ತಿಝಾವಿ ಪೆರ್ಪೆತುವಾಮ್' ಎಂದರೆ ಪೆರ್ಪೆತುವಾಳಿಗೆ ಜ್ಞಾನಸ್ನಾನ ಕೊಟ್ಟೆ ಎಂದರ್ಥ. ಕೊನೆಯ 'ಮ್' ಬರೀ ದ್ವಿತೀಯಾ ವಿಭಕ್ತಿ. ಅದೇ ಪೆರ್ಪೆತುವಾ ಬೆಳೆದು, ಮದುವೆಯಾಗಿ, ಮಗಳಿಗೆ ಜ್ಞಾನಸ್ನಾನ ಕೊಡಿಸಿದಾಗ ಸಾಲು ಹೀಗಿರಬಹುದು: 'ಫಿಲಿಯಾಮ್ ಯೊಆನ್ನಿಸ್ ಎತ್ ಪೆರ್ಪೆತುವೆ'. ಅಂದರೆ ಯೊಆನ್ನೆಸ್ ಮತ್ತು ಪೆರ್ಪೆತುವಾಳ ಮಗಳಿಗೆ. ಇಲ್ಲಿ ಷಷ್ಠಿ. ಗಂಡನ ಹೆಸರೂ 'ಯೊಆನ್ನಿಸ್' ಅಲ್ಲ, ಯೊಆನ್ನೆಸ್.

ರೋಮನ್ ವಿಧಿಪುಸ್ತಕದ ಮಾದರಿ ಇನ್ನೂ ಬೇರೆ. ಅದರಲ್ಲಿ 'ಇಂಥವರಿಂದ ಹುಟ್ಟಿದ ಮಗುವಿಗೆ' ಎಂದು ಬರುತ್ತದೆ. ಆಗ 'ಎಕ್ಸ್ ಯೊಆನ್ನೆ ಎತ್ ಪೆರ್ಪೆತುವಾ'. ಪೆರ್ಪೆತುವಾ ಇಲ್ಲಿ ಬರಹದಲ್ಲಿ ಬದಲಾಗದ ಕಾರಣ ಬಚಾವ್. ಫೆಲಿಚಿತಾಸ್ ಎಂಬ ಹೆಸರಿಗೆ ಆ ಅದೃಷ್ಟವಿಲ್ಲ. ಅದು ಒಂದು ಕಡೆ ಫೆಲಿಚಿತಾತೆಮ್, ಇನ್ನೊಂದು ಕಡೆ ಫೆಲಿಚಿತಾತಿಸ್, ಮತ್ತೊಂದು ಕಡೆ ಫೆಲಿಚಿತಾತೆ. ಒಂದು ಕುಟುಂಬದಲ್ಲಿ ಅಣ್ಣತಮ್ಮಂದಿರು ಇದೇ ಕಾರಣಕ್ಕೆ ಜಗಳ ಆಡಿಕೊಂಡಿದ್ದರು. ಮೂರು ದಾಖಲೆಯಲ್ಲಿ ಮೂರು ಹೆಸರಿದೆ, ಹಾಗಾದರೆ ಅಜ್ಜನಿಗೆ ಮೂವರು ಹೆಂಡತಿಯರಿದ್ದರಾ ಎಂಬುದು ಪ್ರಶ್ನೆ. ಪಾಪ, ಒಬ್ಬಳೇ ಫೆಲಿಚಿತಾಸ್ ಮೂರು ಮಕ್ಕಳ ಜ್ಞಾನಸ್ನಾನ ಮಾಡಿಸಿದ್ದಳು, ಪ್ರತಿ ಸಲ ಬೇರೆ ಪಾದ್ರಿ ಬೇರೆ ರೀತಿಯ ವಾಕ್ಯ ಬರೆದಿದ್ದರು. ಇದನ್ನು ವಿವರಿಸಿದ ಮೇಲೂ ದೊಡ್ಡಣ್ಣ "ಆದರೂ ಒಮ್ಮೆ ಖಚಿತ ಮಾಡಿ" ಎಂದರು. ಹಳ್ಳಿ, ಗಂಡನ ಹೆಸರು, ವರ್ಷ ಎಲ್ಲ ಹೊಂದಿಸಿ ತೋರಿಸಿದ ಮೇಲೆಯೇ ಒಪ್ಪಿದ್ದು. ಅವರು ಕೇಳಿದ್ದು ಸರಿ. ವಿಭಕ್ತಿ ಒಂದನ್ನೇ ನಂಬಿ ಒಬ್ಬಳೇ ಎಂದು ತೀರ್ಮಾನಿಸಲೂ ಬಾರದು.

ಪೆರ್ಪೆತುವಾ, ಫೆಲಿಚಿತಾಸ್ ಎರಡೂ ಹೆಸರು ಒಟ್ಟಿಗೆ ಬಂದವು. ಅದು ಸುಮ್ನೆ ಅಲ್ಲ. ಕ್ರಿ.ಶ. 203ರಲ್ಲಿ ಕಾರ್ಥೇಜ್‌ನಲ್ಲಿ, ಇಂದಿನ ಟುನೀಶಿಯಾದಲ್ಲಿ, ಕ್ರೈಸ್ತ ಮತ ಬಿಡಲಿಲ್ಲವೆಂದು ರೋಮನ್ನರು ಇಬ್ಬರನ್ನೂ ಒಟ್ಟಿಗೆ ಕೊಂದರು. ವಿಬಿಯಾ ಪೆರ್ಪೆತುವಾ ಒಳ್ಳೆಯ ಮನೆತನದ, ಓದಿದ ಹೆಣ್ಣು. ಸುಮಾರು 22 ವರ್ಷ, ಕೈಯಲ್ಲಿ ಹಾಲು ಕುಡಿಯುವ ಗಂಡು ಮಗು. ಫೆಲಿಚಿತಾಸ್ ಗುಲಾಮ ಹೆಣ್ಣು, ಎಂಟು ತಿಂಗಳ ಬಸುರಿ. ಜೈಲಿನಲ್ಲೇ ಹೆರಿಗೆಯಾಯಿತು. ಪೆರ್ಪೆತುವಾ ಜೈಲಿನಲ್ಲಿ ತಾನೇ ಬರೆದ ಟಿಪ್ಪಣಿ ಉಳಿದುಬಂದಿದೆ. ಕ್ರೈಸ್ತ ಹೆಣ್ಣೊಬ್ಬಳು ಬರೆದು ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಬರಹಗಳಲ್ಲಿ ಅದೂ ಒಂದು.

ಅದರಲ್ಲಿ ಅಪ್ಪ ಬರುತ್ತಾನೆ. ಈ ಮತ ಬಿಟ್ಟುಬಿಡು ಎಂದು ಬೇಡುತ್ತಾನೆ. ಪೆರ್ಪೆತುವಾ ಅಲ್ಲೇ ಬಿದ್ದಿದ್ದ ಹೂಜಿಯೊಂದನ್ನು ತೋರಿಸುತ್ತಾಳೆ. ಇದನ್ನು ಇದರ ಹೆಸರು ಬಿಟ್ಟು ಬೇರೆ ಹೆಸರಿನಿಂದ ಕರೆಯೋಕಾಗುತ್ತಾ ಅಪ್ಪಾ ಎಂದು ಕೇಳುತ್ತಾಳೆ. ಆಗಲ್ಲ ಎನ್ನುತ್ತಾನೆ ಅವನು. ಹಾಗೇ ನಾನೂ ಕ್ರೈಸ್ತಳು ಎಂಬುದನ್ನು ಬಿಟ್ಟು ಬೇರೇನೂ ಹೇಳಿಕೊಳ್ಳಲಾರೆ ಎನ್ನುತ್ತಾಳೆ. ಅಪ್ಪ ಸಿಟ್ಟಿನಿಂದ ಕಣ್ಣು ಕೀಳುವವನ ಹಾಗೆ ಮೇಲೆ ಬೀಳುತ್ತಾನೆ. ಇನ್ನೊಮ್ಮೆ ಬಂದಾಗ ಅವಳ ಕೈಗೆ ಮುತ್ತಿಟ್ಟು, ಕಾಲಿಗೆ ಬಿದ್ದು, ಮಗಳೇ ಎನ್ನುವ ಬದಲು ಒಡತಿ ಎಂದು ಕರೆದು ಅಳುತ್ತಾನೆ. ಅಪ್ಪನ ಸಂಕಟವನ್ನು ಅವಳು ಎಲ್ಲೂ ಹಗುರಾಗಿ ಬರೆದಿಲ್ಲ. ಪಾಠದಲ್ಲಿ ಈ ಭಾಗ ಬಂದಾಗ ನಾನು ನಿಧಾನವಾಗಿ ಓದಿಸುತ್ತೇನೆ. ಗಂಡನ ಹೆಸರು ಮಾತ್ರ ಇಡೀ ಬರಹದಲ್ಲಿ ಎಲ್ಲೂ ಇಲ್ಲ.

ಮಾರ್ಚ್ 7ರಂದು ಜನ ಸೇರಿದ್ದ ಕ್ರೀಡಾಂಗಣದಲ್ಲಿ ಪೆರ್ಪೆತುವಾ, ಫೆಲಿಚಿತಾಸ್ ಇಬ್ಬರ ಮೇಲೆ ಕಾಡು ಹಸುವನ್ನು ಬಿಟ್ಟರು. ಎಸೆತ ತಿಂದು ಎದ್ದ ಪೆರ್ಪೆತುವಾ ಕೆದರಿದ ಕೂದಲಿಗೆ ಪಿನ್ ಹುಡುಕಿದಳು ಎಂದು ಕಂಡವರು ಬರೆದಿಟ್ಟಿದ್ದಾರೆ. ಕೊನೆಗೆ ಅವಳನ್ನು ಕೊಲ್ಲಬೇಕಾದವನು ಹೊಸಬ, ಅವನ ಕೈ ನಡುಗುತ್ತಿತ್ತು. ಅವಳೇ ಆ ಕೈಯನ್ನು ತನ್ನ ಗಂಟಲಿಗೆ ತಂದುಕೊಂಡಳಂತೆ. ಇಂದಿಗೂ ಮಾರ್ಚ್ 7 ಅವರಿಬ್ಬರ ಹಬ್ಬ. ಇಟಲಿಯ ರವೆನ್ನಾದ ಮೊಸಾಯಿಕ್‌ಗಳಲ್ಲಿ ಇಬ್ಬರೂ ಇದ್ದಾರೆ. ಪೂಜೆಯ ಹಳೆಯ ರೋಮನ್ ಪ್ರಾರ್ಥನೆಯಲ್ಲಿ ಸಂತರ ಸಾಲಿನಲ್ಲೂ ಇದ್ದಾರೆ.

ಇನ್ನು ಅರ್ಥ. ಪೆರ್ಪೆತುವಾ ಎಂದರೆ ಎಡೆಬಿಡದೆ ಸಾಗುವುದು, ನಿರಂತರ. ಬೇಬಿ ನೇಮ್ ವೆಬ್‌ಸೈಟುಗಳು 'ಅಮರಳು' ಎಂದು ಹಾಕುವುದು ಸ್ವಲ್ಪ ಜಾಸ್ತಿಯೇ ಆಯಿತು. ಅರ್ಥ ನೋಡಿಯೇ ಅಪ್ಪ ಅಮ್ಮ ಈ ಹೆಸರಿಟ್ಟರು ಎಂದೂ ಹೇಳಲಾಗದು. ರೋಮನ್ನರಲ್ಲಿ ಹೆಣ್ಣುಮಕ್ಕಳಿಗೆ ಬರುತ್ತಿದ್ದುದು ಮನೆತನದ ಹೆಸರು. ಯೂಲಿಯಸ್ ಮನೆಯ ಮಗಳು ಯೂಲಿಯಾ, ವಿಬಿಯಸ್ ಮನೆಯ ಮಗಳು ವಿಬಿಯಾ. ಮಾರ್ಕ್ ಆಂಟನಿಗೆ ಹೆಂಡತಿ ಆಕ್ಟೇವಿಯಾಳಲ್ಲಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳ ಹೆಸರೂ ಆಂಟೋನಿಯಾ, ಹಿರಿಯಳು ಕಿರಿಯಳು ಎಂದಷ್ಟೇ ವ್ಯತ್ಯಾಸ. ಪೆರ್ಪೆತುವಾ ಎಂಬುದು ಅವಳ ಕೊನೆಯ ಹೆಸರು. ಅರ್ಥದ ಮೇಲೆ ಒತ್ತು ಕೊಟ್ಟವನು ಸಂತ ಅಗಸ್ಟೀನ್. ಇಬ್ಬರ ಹಬ್ಬದ ದಿನ ಪ್ರವಚನ ಮಾಡುವಾಗ ಎರಡು ಹೆಸರನ್ನೂ ಜೋಡಿಸಿ 'ನಿರಂತರ ಸೌಭಾಗ್ಯ' ಎಂದ.

ಇಷ್ಟು ದೊಡ್ಡ ಹೆಸರು ಯುರೋಪಿನಲ್ಲಿ ಯಾಕೆ ಅಪರೂಪ? ಇಟಲಿಯ ಮಟ್ಟಿಗೆ ಒಂದು ಕಾರಣ ಊಹಿಸಬಹುದು. ಮಾನ್ಝೋನಿ 1827ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಪಾದ್ರಿಯ ಮನೆಗೆಲಸದವಳ ಹೆಸರು ಪೆರ್ಪೆತುವಾ. ಅವಳು ಎಷ್ಟು ಜನಪ್ರಿಯಳಾದಳು ಎಂದರೆ ಇಟಾಲಿಯನ್‌ನಲ್ಲಿ ಪಾದ್ರಿಯ ಮನೆ ನೋಡಿಕೊಳ್ಳುವ ಹೆಂಗಸಿಗೆ ಪೆರ್ಪೆತುವಾ ಎಂಬ ಮಾತೇ ನಿಂತುಹೋಯಿತು. ಅದಾದ ಮೇಲೆ ಮಗಳಿಗೆ ಆ ಹೆಸರಿಡಲು ಯಾರೇ ಆದರೂ ಹಿಂದೆಮುಂದೆ ನೋಡುತ್ತಾರೆ. ಆಫ್ರಿಕಾದ ಕ್ಯಾಥೊಲಿಕರಲ್ಲಿ, ನೈಜೀರಿಯಾ, ಕೀನ್ಯಾ ಕಡೆ, ಈ ಹೆಸರು ಈಗಲೂ ಚಾಲ್ತಿಯಲ್ಲಿದೆ. ಇಂಗ್ಲಿಷ್ ಓದುವವರಿಗೆ ಪರ್ಪೆಚುವಾ ಎಂದರೆ ಎರಿಕ್ ಗಿಲ್ ರೂಪಿಸಿದ ಅಕ್ಷರ ಫಾಂಟ್ ನೆನಪಾಗಬಹುದು. ಅದಕ್ಕೂ ಹೆಸರು ಬಂದದ್ದು ಇವಳಿಂದಲೇ. ಅದರ ಇಟಾಲಿಕ್ ರೂಪದ ಹೆಸರು ಫೆಲಿಸಿಟಿ.

ರ‍್ಯಾಂಕ್ ಪಟ್ಟಿ ತೋರಿಸಿ "ಈ ಹೆಸರು ಪ್ರಪಂಚದಲ್ಲಿ ಯಾರಿಗೂ ಇಲ್ವಂತೆ" ಎನ್ನುವವರಿಗೆ ಒಂದು ಮಾತು. ಅಮೆರಿಕದ ಸರ್ಕಾರಿ ಪಟ್ಟಿಯಲ್ಲಿ ವರ್ಷಕ್ಕೆ 5ಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರು ಬರುವುದೇ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್ ಪಟ್ಟಿಯಲ್ಲಿ ಆ ಮಿತಿ 3. ಪಟ್ಟಿಯಲ್ಲಿ ಇಲ್ಲ ಎಂದರೆ ಯಾರಿಗೂ ಇಲ್ಲ ಎಂದಲ್ಲ.

ನಮ್ಮ ಕಡೆ ಇನ್ನೊಂದು ಸಂಗತಿ ಗಮನಿಸಬೇಕು. ನಿತ್ಯಾಧಾರ ಮಾತೆ ಎಂದು ನಾವು ಕರೆಯುವ ಮರಿಯಮ್ಮನವರ ಲ್ಯಾಟಿನ್ ಹೆಸರಿನಲ್ಲೂ 'ಪೆರ್ಪೆತುವೊ' ಇದೆ. ಆ ಮಾತೆಯ ಹಳೆಯ ಚಿತ್ರವೊಂದನ್ನು ಪೋಪ್ ಒಂಬತ್ತನೇ ಪಿಯುಸ್ 1866ರಲ್ಲಿ ರಿಡೆಂಪ್ಟರಿಸ್ಟ್ ಎಂಬ ಸಂಘದ ಪಾದ್ರಿಗಳಿಗೆ ಒಪ್ಪಿಸಿದ ಮೇಲೆ ಭಕ್ತಿ ಎಲ್ಲೆಡೆ ಹರಡಿತು. ಹಾಗಾಗಿ ನಿಮ್ಮ ಮುತ್ತಜ್ಜಿಯ ಹೆಸರು ಕಾರ್ಥೇಜಿನ ಪೆರ್ಪೆತುವಾಳಿಂದ ಬಂತಾ, ಮಾತೆಯ ಮೇಲಿನ ಹರಕೆಯಿಂದ ಬಂತಾ ಎಂದು ದಾಖಲೆಯೊಂದನ್ನೇ ನೋಡಿ ಹೇಳುವುದು ಕಷ್ಟ. ಹುಟ್ಟಿದ ದಿನ ಮಾರ್ಚ್ ಮೊದಲ ವಾರದಲ್ಲಿದ್ದರೆ ಮೊದಲನೆಯದಕ್ಕೆ ಸ್ವಲ್ಪ ಬಲ. ಮಾತೆಯ ಹಬ್ಬವಾದ ಜೂನ್ 27ರ ಆಸುಪಾಸಿನಲ್ಲಿದ್ದರೆ ಎರಡನೆಯದಕ್ಕೆ. ಅದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ.

ಓದಿಸಲು ಕಳಿಸುವಾಗ ದಯವಿಟ್ಟು ಹೆಸರಷ್ಟನ್ನೇ ಕತ್ತರಿಸಿ ಕಳಿಸಬೇಡಿ. ಇಡೀ ಪುಟದ ಫೋಟೋ ಬೇಕು, ಎಡ ಅಂಚು ಸೇರಿಸಿ. ಎಷ್ಟೋ ಪುಸ್ತಕಗಳಲ್ಲಿ ಮಗುವಿನ ಹೆಸರನ್ನು ಅಂಚಿನಲ್ಲಿ ವಿಭಕ್ತಿಯಿಲ್ಲದೆ ಬರೆದಿರುತ್ತಾರೆ, ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ. ಮೇಲಿನ ಕೆಳಗಿನ ಎರಡು ಮೂರು ದಾಖಲೆಗಳೂ ಕಾಣಲಿ, ಆ ಪಾದ್ರಿಯ ಕೈಬರಹ, ವಾಕ್ಯದ ರೀತಿ ಗೊತ್ತಾಗುತ್ತದೆ. ಮನೆಯಲ್ಲಿ ಅಜ್ಜಿಯನ್ನು ಏನೆಂದು ಕರೆಯುತ್ತಿದ್ದರು ಎಂದು ಹಿರಿಯರನ್ನು ಕೇಳಿ ಅದನ್ನೂ ಬರೆದು ಕಳಿಸಿ. ಮಗಳ ಜನನ ಪ್ರಮಾಣಪತ್ರದ ಅರ್ಜಿಯನ್ನು ಇದೆಲ್ಲ ಆದ ಮೇಲೆ ತುಂಬಿ. 'ಮ್' ಒಮ್ಮೆ ಅಲ್ಲಿ ಸೇರಿಕೊಂಡರೆ ಶಾಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲ ಕಡೆಯೂ ಅದೇ ಬರುತ್ತದೆ, ಆಮೇಲೆ ತಿದ್ದಿಸಲು ವಕೀಲರ ಮನೆಗೆ ಓಡಾಡಬೇಕಾಗುತ್ತದೆ.