ಮೂತ್ರ ಪರೀಕ್ಷೆ ಹೇಳದ್ದನ್ನು ಕಾರಿನ ತಪಾಸಣೆ ಹೇಳಿತು

2024ರ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್‌ನಲ್ಲಿ ಸ್ಲೊವೇನಿಯಾದ ತಡೇಯ್ ಪೊಗಾಚರ್ ಪಿರನೀಸ್ ಪರ್ವತದ ಪ್ಲಾಟೊ ದ ಬೇಯ್ ಏರನ್ನು ಹತ್ತಿದಾಗ, 1998ರಲ್ಲಿ ಇಟಲಿಯ ಮಾರ್ಕೊ ಪಂತಾನಿ ಅಲ್ಲಿ ಮಾಡಿದ್ದ ದಾಖಲೆ ಸುಮಾರು ಮೂರೂವರೆ ನಿಮಿಷಗಳ ಅಂತರದಲ್ಲಿ ಮುರಿಯಿತು. ಪೊಗಾಚರ್ ಯಾವ ಉದ್ದೀಪನ ಮದ್ದು ಪರೀಕ್ಷೆಯಲ್ಲೂ ಸಿಕ್ಕಿಬಿದ್ದವರಲ್ಲ. ಇಂದಿನ ಸೈಕಲ್ ಬೇರೆ, ಟೈರ್ ಬೇರೆ, ರೇಸಿನ ನಡುವೆ ಹೊಟ್ಟೆಗೆ ಹಾಕಿಕೊಳ್ಳುವ ಸಕ್ಕರೆಯ ಲೆಕ್ಕವೇ ಬೇರೆ. ಆದರೂ ಚಪ್ಪಾಳೆಯ ಜೊತೆಗೇ ಅನುಮಾನದ ಪಿಸುಮಾತೂ ಎದ್ದಿತು. ಪಂತಾನಿಯ ಕಾಲದಲ್ಲಿ ನಡೆದದ್ದು ಗೊತ್ತಿಲ್ಲದಿದ್ದರೆ ಆ ಪಿಸುಮಾತು ಬರೀ ಹೊಟ್ಟೆಕಿಚ್ಚಿನಂತೆ ಕೇಳಿಸುತ್ತದೆ.

ಮದ್ದು ಈ ಆಟಕ್ಕೆ ಹೊಸದಲ್ಲ. 1924ರಲ್ಲೇ ಪೆಲಿಸಿಯೆ ಸಹೋದರರು ಟೂರ್ ಅರ್ಧಕ್ಕೇ ಬಿಟ್ಟು, ಪತ್ರಕರ್ತ ಆಲ್ಬೇರ್ ಲೋಂದ್ರ್ ಎದುರು ಚೀಲದಿಂದ ಕೊಕೇನ್, ಕ್ಲೋರೋಫಾರ್ಮ್ ತೆಗೆದು ತೋರಿಸಿದ್ದರು. 1966ರಲ್ಲಿ ಟೂರ್‌ಗೆ ಮೊದಲ ಪರೀಕ್ಷೆ ಬಂದಾಗ ಸವಾರರು ಪ್ರತಿಭಟಿಸಿದರು. ಮರುವರ್ಷ ಜುಲೈ 13ರಂದು ಬ್ರಿಟನ್ನಿನ ಟಾಮ್ ಸಿಂಪ್ಸನ್ ಮೋಂ ವಾಂತೂ ಬೆಟ್ಟದ ಸುಡುಬಿಸಿಲಲ್ಲಿ ಸೈಕಲ್ಲಿನಿಂದ ಬಿದ್ದು ಸತ್ತರು. ಅವರ ದೇಹದಲ್ಲಿ ಆಂಫೆಟಮಿನ್ ಇತ್ತು, ಮದ್ಯವೂ ಇತ್ತು.

ಆಂಫೆಟಮಿನ್ ದಣಿವನ್ನು ಮರೆಸುತ್ತಿತ್ತು, ಅಷ್ಟೆ. 1990ರ ಆಸುಪಾಸಿನಲ್ಲಿ ಬಂದ ಇಪಿಒ (ಎರಿತ್ರೊಪೊಯೆಟಿನ್ ಎಂಬ ಹಾರ್ಮೋನು) ದೇಹವನ್ನೇ ಬದಲಿಸಿತು. ಮೂತ್ರಪಿಂಡ ಕೈಕೊಟ್ಟು ರಕ್ತಹೀನತೆಯಾದವರಿಗೆಂದು ತಯಾರಾದ ಈ ಇಂಜೆಕ್ಷನ್ ಇಂದಿಗೂ ನಮ್ಮ ಡಯಾಲಿಸಿಸ್ ಕೇಂದ್ರಗಳಲ್ಲಿ ದಿನನಿತ್ಯದ ಔಷಧ. ಕೆಂಪು ರಕ್ತಕಣ ಹೆಚ್ಚಿಸುವುದು ಅದರ ಕೆಲಸ. ಕಣ ಹೆಚ್ಚಿದರೆ ಸ್ನಾಯುಗಳಿಗೆ ಹೋಗುವ ಆಮ್ಲಜನಕ ಹೆಚ್ಚುತ್ತದೆ. ದೇಹ ತಾನೇ ತಯಾರಿಸುವ ಹಾರ್ಮೋನಿಗೂ ಇದಕ್ಕೂ ವ್ಯತ್ಯಾಸ ಗುರುತಿಸುವ ಪರೀಕ್ಷೆ ಆಗ ಇರಲಿಲ್ಲ. ಹಾಗಾಗಿ 1997ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಒಂದು ಅಡ್ಡದಾರಿ ಹುಡುಕಿತು. ರಕ್ತದಲ್ಲಿ ಕೆಂಪುಕಣಗಳ ಪಾಲು, ಅಂದರೆ ಹೆಮಟೋಕ್ರಿಟ್, ಶೇ 50 ಮೀರಿದರೆ ಆ ಸವಾರ ಎರಡು ವಾರ ಮನೆಯಲ್ಲಿರಬೇಕು. ಇದು ಶಿಕ್ಷೆಯಲ್ಲ, ಆರೋಗ್ಯದ ಕಾಳಜಿ ಎಂದಿತು ಒಕ್ಕೂಟ. ಸಾಮಾನ್ಯವಾಗಿ 45ರ ಹತ್ತಿರ ಇರುವವರಿಗೆ ಇದು ಮಿತಿಯಾಗಿ ಕಾಣಲಿಲ್ಲ, ಮುಟ್ಟಬೇಕಾದ ಗುರಿಯಾಗಿ ಕಂಡಿತು.

ಮುಂದಿನದು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಆಟ. ರಕ್ತದ ಮಾದರಿ ತಿರುಗಿಸಿ ನೋಡುವ ಪುಟ್ಟ ಯಂತ್ರ ಹೋಟೆಲ್ ಕೋಣೆಗೇ ಬಂತು. 49 ಇದ್ದರೆ ನಿಶ್ಚಿಂತೆ, 51 ಇದ್ದರೆ ತೋಳಿಗೆ ಸಲೈನ್. ನೀರು ಸೇರಿದರೆ ರಕ್ತ ತೆಳುವಾಗಿ ಸಂಖ್ಯೆ ಇಳಿಯುತ್ತದೆ. 1998ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತಂಡದ ವೈದ್ಯರೊಬ್ಬರು ಒಂದು ಲೀಟರ್ ಸಲೈನನ್ನು ಮಳೆಕೋಟಿನೊಳಗೆ ಅಡಗಿಸಿ, ಒಕ್ಕೂಟದ ಪರೀಕ್ಷಕರ ಪಕ್ಕದಲ್ಲೇ ಹಾದುಹೋಗಿ, ಸವಾರನಿಗೆ ಏರಿಸಿದ್ದು ಬಹಳ ವರ್ಷಗಳ ಮೇಲೆ ಸಾಕ್ಷ್ಯದಲ್ಲಿ ಬಯಲಾಯಿತು.

ಎಲ್ಲ ಬುಡಮೇಲಾದದ್ದು 1998ರ ಜುಲೈ 8ರಂದು. ಫೆಸ್ಟಿನಾ ತಂಡದ ಮಸಾಜ್ ಮಾಡುವ ವಿಲ್ಲಿ ವೂಟ್ ತಂಡದ ಕಾರಿನಲ್ಲಿ ಬೆಲ್ಜಿಯಂನಿಂದ ಫ್ರಾನ್ಸ್‌ಗೆ ಹೊರಟಿದ್ದರು. ಗಡಿಯ ಸಣ್ಣ ರಸ್ತೆಯಲ್ಲಿ ಕಸ್ಟಮ್ಸ್‌ನವರು ತಡೆದು ನೋಡಿದರೆ ಇಪಿಒ, ಬೆಳವಣಿಗೆಯ ಹಾರ್ಮೋನು, ಟೆಸ್ಟೋಸ್ಟೆರಾನ್, ಎಲ್ಲ ಸೇರಿ ನೂರಾರು ಡೋಸು. ಮೂರೇ ದಿನಕ್ಕೆ ಡಬ್ಲಿನ್‌ನಲ್ಲಿ ಟೂರ್ ಶುರುವಾಗಬೇಕಿತ್ತು. ತಂಡದವರು ಮೊದಲು ತಮಗೇನೂ ಗೊತ್ತಿಲ್ಲ ಎಂದರು. ಪೊಲೀಸರು ಕೂರಿಸಿ ಕೇಳಿದ ಮೇಲೆ ವ್ಯವಸ್ಥಾಪಕರು ಬಾಯಿಬಿಟ್ಟರು: ಸವಾರರು ಎಲ್ಲೆಲ್ಲಿಂದಲೋ ತಂದು ಬೇಕಾಬಿಟ್ಟಿ ಚುಚ್ಚಿಕೊಳ್ಳುವ ಬದಲು ವೈದ್ಯರ ಉಸ್ತುವಾರಿಯಲ್ಲಿ ಕೊಡುವುದೇ ಮೇಲು ಎಂದುಕೊಂಡೆವು. ಕೇಳಿದರೆ ನಗು ಬರಬಹುದು. ಆದರೆ ಆ ಮಾತಿನೊಳಗೆ ಅಂದಿನ ಇಡೀ ವ್ಯವಸ್ಥೆ ಇದೆ.

ಫೆಸ್ಟಿನಾ ಹೊರಬಿತ್ತು. ಉಳಿದ ತಂಡಗಳ ಹೋಟೆಲುಗಳಿಗೂ ಪೊಲೀಸರು ನುಗ್ಗಿದರು. ಸವಾರರು ರಸ್ತೆಯಲ್ಲೇ ಕೂತು ಮುಷ್ಕರ ಹೂಡಿದರು, ಬೆನ್ನಿನ ನಂಬರ್ ಕಿತ್ತು ಬಿಸಾಡಿದರು. ಒಂದು ದಿನದ ಸ್ಪರ್ಧೆಯೇ ರದ್ದಾಯಿತು. ಹೊರಟ 189 ಮಂದಿಯಲ್ಲಿ ಪ್ಯಾರಿಸ್ ಮುಟ್ಟಿದವರು 96. ಗೆದ್ದವರು ಪಂತಾನಿ. ಮರುವರ್ಷ ಇಟಲಿಯ ರೇಸ್ ಗೆಲ್ಲುವ ಹಂತದಲ್ಲಿ ಅವರ ಹೆಮಟೋಕ್ರಿಟ್ 52 ಎಂದು ಹೊರಗೆ ಕಳಿಸಿದರು. 2004ರಲ್ಲಿ ರಿಮಿನಿಯ ಹೋಟೆಲ್ ಕೋಣೆಯಲ್ಲಿ ಅವರ ಶವ ಸಿಕ್ಕಿತು. ಆಗ ವಯಸ್ಸು 34.

1999ರ ಟೂರ್ ಹೊಸ ಹುಟ್ಟು ಎಂದು ಸಂಘಟಕರು ಸಾರಿದರು. ಆದರೆ ಮದ್ದು ಬಿಟ್ಟಿದೆ ಎನ್ನಲಾದ ಆ ರೇಸ್ ಅದುವರೆಗಿನ ಎಲ್ಲಕ್ಕಿಂತ ವೇಗವಾಗಿ ಓಡಿತು. ಇದನ್ನು ಬಾಯಿಬಿಟ್ಟು ಹೇಳಿದವರು ಕ್ರಿಸ್ತೋಫ್ ಬಾಸೋನ್ಸ್. ಫೆಸ್ಟಿನಾದಲ್ಲಿದ್ದೂ ಮದ್ದು ಮುಟ್ಟದವನು ಎಂದು ಜೊತೆಗಾರರೇ ಪೊಲೀಸರಿಗೆ ಹೇಳಿದ್ದ ಸವಾರ. ರೇಸಿನ ನಡುವೆಯೇ ಪತ್ರಿಕೆಗೆ ಅಂಕಣ ಬರೆದರು, ಸಹಸವಾರರು ಅವರೊಂದಿಗೆ ಮಾತು ಬಿಟ್ಟರು, ಕೊನೆಗೆ ಅವರೇ ರೇಸ್ ಬಿಟ್ಟು ಮನೆಗೆ ಹೋದರು. 2004ರಲ್ಲಿ ಇನ್ನೊಬ್ಬರ ಸರದಿ. ವೈದ್ಯರೊಬ್ಬರ ವಿರುದ್ಧ ಸಾಕ್ಷಿ ಹೇಳಿದ್ದ ಫಿಲಿಪ್ಪೊ ಸಿಮಿಯೋನಿ ಗುಂಪು ಬಿಟ್ಟು ಮುನ್ನುಗ್ಗಿದಾಗ, ಅದೇ ವೈದ್ಯರ ಸಲಹೆ ಪಡೆದಿದ್ದ, ಅಗ್ರಸ್ಥಾನದ ಹಳದಿ ಜೆರ್ಸಿಯಲ್ಲಿದ್ದ ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಖುದ್ದು ಬೆನ್ನಟ್ಟಿ ಅವರನ್ನು ಹಿಂದಿರುಗಿಸಿದರು. ಕ್ಯಾಮೆರಾ ಕಡೆ ತಿರುಗಿ ತುಟಿಗೆ ಜಿಪ್ ಎಳೆಯುವ ಸನ್ನೆ ಮಾಡಿದರು. ಇಡೀ ಜಗತ್ತು ಟಿವಿಯಲ್ಲಿ ನೋಡಿದರೂ ಯಾವ ಅಧಿಕಾರಿಯೂ ಅದಕ್ಕಾಗಿ ಸವಾರನನ್ನು ಹೊರಗೆ ಕಳಿಸಲಿಲ್ಲ. ಮದ್ದು ತೆಗೆದುಕೊಂಡವರಲ್ಲಿ ಎಷ್ಟೋ ಮಂದಿ ಮುಂದೆ ತಂಡಗಳ ನಿರ್ದೇಶಕರಾದರು, ವೀಕ್ಷಕ ವಿವರಣೆಕಾರರಾದರು. ಬಾಯಿಬಿಟ್ಟವರಿಗೆ ಆ ಕುರ್ಚಿಗಳು ಅಷ್ಟು ಸುಲಭವಾಗಿ ಸಿಗಲಿಲ್ಲ.

2000ದಲ್ಲಿ ಇಪಿಒಗೆ ಮೂತ್ರ ಪರೀಕ್ಷೆ ಬಂತು. ಸವಾರರು ತಮ್ಮದೇ ರಕ್ತ ತೆಗೆದಿಟ್ಟು ರೇಸಿನ ನಡುವೆ ಏರಿಸಿಕೊಳ್ಳುವ ಹಳೆಯ ವಿದ್ಯೆಗೆ ಮರಳಿದರು. 2006ರ ಮೇ ತಿಂಗಳಲ್ಲಿ ಮ್ಯಾಡ್ರಿಡ್‌ನಲ್ಲಿ ವೈದ್ಯರೊಬ್ಬರ ಜಾಲದ ಮೇಲೆ ಪೊಲೀಸರು ದಾಳಿ ಮಾಡಿದಾಗ ಫ್ರಿಜ್‌ಗಳಲ್ಲಿ ಸುಮಾರು 200 ಚೀಲ ರಕ್ತ ಸಿಕ್ಕಿತು, ಅವುಗಳ ಮೇಲೆ ಗುಪ್ತನಾಮಗಳಿದ್ದವು. ಅದು ಯಾರ ರಕ್ತ ಎಂದು ಪರೀಕ್ಷಿಸಲು ನ್ಯಾಯಾಲಯ ಅನುಮತಿ ಕೊಟ್ಟದ್ದು 2016ರಲ್ಲಿ. ಅಷ್ಟರಲ್ಲಿ ಕ್ರಮ ಕೈಗೊಳ್ಳುವ ಅವಧಿ ಮುಗಿದಿತ್ತು.

ಆರ್ಮ್‌ಸ್ಟ್ರಾಂಗ್ ಏಳು ಬಾರಿ ಗೆದ್ದರು, ನೂರಾರು ಪರೀಕ್ಷೆ ದಾಟಿದ್ದೇನೆ ಎನ್ನುತ್ತಲೇ ಇದ್ದರು. ಅವರನ್ನು ಕೆಳಗಿಳಿಸಿದ್ದೂ ಪರೀಕ್ಷೆಯಲ್ಲ. ಹಳೆಯ ಜೊತೆಗಾರ ಫ್ಲಾಯ್ಡ್ ಲ್ಯಾಂಡಿಸ್ 2010ರಲ್ಲಿ ಬರೆದ ಇಮೇಲ್‌ಗಳಿಂದ ಶುರುವಾಗಿ, 2012ರ ಅಕ್ಟೋಬರ್‌ನಲ್ಲಿ ಅಮೆರಿಕದ ಮದ್ದು ನಿಗ್ರಹ ಸಂಸ್ಥೆ 26 ಮಂದಿಯ ಸಾಕ್ಷ್ಯ ಮುಂದಿಟ್ಟಿತು. ಅವರಲ್ಲಿ 11 ಮಂದಿ ಒಂದು ಕಾಲಕ್ಕೆ ಆರ್ಮ್‌ಸ್ಟ್ರಾಂಗ್ ತಂಡದಲ್ಲೇ ಇದ್ದವರು. 2004ರಲ್ಲಿ ತಂಡದ ಬಸ್ಸು ಕೆಟ್ಟುಹೋಯಿತೆಂದು ಬೆಟ್ಟದ ರಸ್ತೆ ಬದಿಗೆ ನಿಲ್ಲಿಸಿ, ಒಳಗೆ ಸವಾರರಿಗೆ ರಕ್ತ ಏರಿಸಿದ್ದನ್ನು ಲ್ಯಾಂಡಿಸ್ ವಿವರಿಸಿದ್ದರು. ಏಳೂ ಪ್ರಶಸ್ತಿ ಕಿತ್ತುಕೊಂಡರು. ಆದರೆ ಯಾರಿಗೂ ಕೊಡಲಿಲ್ಲ. ಎರಡನೇ, ಮೂರನೇ ಸ್ಥಾನದಲ್ಲಿದ್ದವರ ಪಟ್ಟಿ ಓದಿದರೆ ಕಾರಣ ತಿಳಿಯುತ್ತದೆ: ಅವರಲ್ಲೂ ಹೆಚ್ಚಿನವರು ಮದ್ದಿನ ಪ್ರಕರಣಗಳಲ್ಲಿ ಸಿಲುಕಿದವರೇ. ಎಲ್ಲ ಪಾಪವನ್ನೂ ಒಬ್ಬನ ತಲೆಗೆ ಕಟ್ಟಿದರೆ ಒಕ್ಕೂಟಕ್ಕೂ ಪ್ರಾಯೋಜಕರಿಗೂ ನಿರಾಳ. ನಡೆದದ್ದು ಅಷ್ಟು ಸರಳವಾಗಿರಲಿಲ್ಲ.

ಆಮೇಲೆ ಏನೂ ಬದಲಾಗಲಿಲ್ಲ ಎಂದರೆ ತಪ್ಪಾದೀತು. 2008ರಿಂದ ಪ್ರತಿ ಸವಾರನ ರಕ್ತದ ಏರಿಳಿತವನ್ನು ವರ್ಷಗಟ್ಟಲೆ ದಾಖಲಿಸುವ ಜೈವಿಕ ಪಾಸ್‌ಪೋರ್ಟ್ ಇದೆ, ಸೂಜಿಗೆ ನಿರ್ಬಂಧವಿದೆ. 2016ರಲ್ಲಿ ಬೆಲ್ಜಿಯಂನ ಯುವ ಸವಾರಳೊಬ್ಬಳ ಸೈಕಲ್ಲಿನೊಳಗೆ ಮೋಟಾರ್ ಸಿಕ್ಕ ಮೇಲೆ ಸೈಕಲ್ಲಿಗೂ ಎಕ್ಸ್‌ರೇ ಬಂತು. ಈಗಿನ ತಲೆನೋವು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ. ಅಳತೆಯ ಪ್ರಮಾಣದಲ್ಲಿ ಉಸಿರಾಡಿ ಹಿಮೋಗ್ಲೋಬಿನ್ ಲೆಕ್ಕ ಹಾಕುವ ಉಪಕರಣ ಕೆಲವು ತಂಡಗಳ ಬಳಿ ಇದೆ ಎಂದು 2024ರ ಟೂರ್ ವೇಳೆ ಪತ್ರಕರ್ತರು ಬರೆದರು. ಪದೇ ಪದೇ ಉಸಿರಾಡಿದರೆ ಕೆಂಪುಕಣ ಹೆಚ್ಚಬಹುದು ಎಂಬುದು ಆತಂಕ. ಅಳತೆಗಷ್ಟೇ ಬಳಸುತ್ತೇವೆ ಎಂದವು ತಂಡಗಳು. 2025ರ ಫೆಬ್ರವರಿಯಲ್ಲಿ ಒಕ್ಕೂಟ ಪದೇ ಪದೇ ಉಸಿರಾಡುವುದನ್ನು ನಿಷೇಧಿಸಿತು. ಒಮ್ಮೆ ಅಳೆಯಬಹುದು, ಅದೂ ವೈದ್ಯಕೀಯ ಕೇಂದ್ರದಲ್ಲಿ. ಎರಡನೇ ಬಾರಿ ಅಳೆಯಬೇಕಿದ್ದರೆ ಎರಡು ವಾರ ಕಾಯಬೇಕು.